ಲೋಹದ ಹನಿ ಒಡೆಯಿತು, ಚೂರು ಯಾಕೆ ದುಂಡಗಾಗಲಿಲ್ಲ?

ಓದುಗರೊಬ್ಬರ ಪ್ರಶ್ನೆ: "ಲೋಹದ ಪುಡಿ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕರಗಿದ ಬಿಸಿ ಲೋಹಕ್ಕೆ ಹೋಗುವ ಮೊದಲು ಕೋಣೆಯ ಬಿಸಿಗೇ ದ್ರವವಾಗಿರುವ ಗ್ಯಾಲಿನ್‌ಸ್ಟಾನ್ (ಗ್ಯಾಲಿಯಂ, ಇಂಡಿಯಂ, ತವರದ ಮಿಶ್ರಲೋಹ) ಹನಿಗಳನ್ನು ಗಾಳಿಯ ಜೆಟ್‌ಗೆ ಬೀಳಿಸಿ ಕ್ಯಾಮೆರಾದಲ್ಲಿ ನೋಡುತ್ತಿದ್ದೇವೆ. 2 ಮಿ.ಮೀ. ನೀರಿನ ಹನಿ ಸೆಕೆಂಡಿಗೆ 20 ಮೀಟರ್ ಗಾಳಿಯಲ್ಲೇ ಒಡೆಯಿತು. ಅದೇ ಗಾತ್ರದ ಗ್ಯಾಲಿನ್‌ಸ್ಟಾನ್ 40 ಮೀಟರ್‌ಗೂ ಜಗ್ಗಲಿಲ್ಲ. 80ಕ್ಕೆ ಏರಿಸಿದಾಗ ಒಡೆಯಿತು, ಆದರೆ ಚೂರುಗಳು ದುಂಡಗಿಲ್ಲ, ದಾರದ ತುಂಡು, ಚಕ್ಕೆ ಥರ ಇವೆ. ನಮ್ಮ ಅಟೊಮೈಸರ್‌ನಲ್ಲಿ (ಕರಗಿದ ಲೋಹವನ್ನು ಗ್ಯಾಸ್ ಜೆಟ್‌ನಿಂದ ಪುಡಿ ಮಾಡುವ ಯಂತ್ರ) ಆರ್ಗಾನ್ ಬಿಟ್ಟು ಮಾಡುವ ಅಲ್ಯುಮಿನಿಯಂ ಪುಡಿಯೂ ಹೀಗೇ ಬರುತ್ತಿದೆ. ಲೋಹ ಭಾರ, ಅದಕ್ಕೇ ಸರಿಯಾಗಿ ಒಡೆಯಲ್ಲ, ಒತ್ತಡ ಜಾಸ್ತಿ ಮಾಡಿ ಅಂತ ಒಬ್ಬ ಹಿರಿಯರು ಹೇಳುತ್ತಾರೆ. ಕರಗಿದ ಲೋಹ ಮಂದ, ಇನ್ನೂ 200 ಡಿಗ್ರಿ ಏರಿಸಿ ಅಂತ ಇನ್ನೊಬ್ಬರು. ಎರಡೂ ಮಾಡಿದೆವು, ಆಕಾರ ಬದಲಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?"

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಹನಿ ಯಾವಾಗ ಒಡೆಯುತ್ತದೆ ಅನ್ನೋದು ಒಂದು. ಒಡೆದ ಚೂರು ಯಾಕೆ ದುಂಡಗಾಗಲಿಲ್ಲ ಅನ್ನೋದು ಇನ್ನೊಂದು. ನಿಮ್ಮ ಹಿರಿಯರಿಬ್ಬರೂ ಮೊದಲನೆಯದಕ್ಕೆ ಉತ್ತರ ಕೊಡುತ್ತಿದ್ದಾರೆ, ನಿಮಗೆ ನಿಜವಾಗಿ ಕಾಡುತ್ತಿರುವುದು ಎರಡನೆಯದು. ನನ್ನ ಅನುಭವದಲ್ಲಿ ಪುಡಿಯ ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ಇಲ್ಲೇ. ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲು "ಲೋಹ ಭಾರ, ಅದಕ್ಕೇ ಒಡೆಯಲ್ಲ" ಅನ್ನುವ ಮಾತು. ಇದು ತಪ್ಪು. ಹನಿ ಒಡೆಯಬೇಕೋ ಬೇಡವೋ ಅಂತ ತೀರ್ಮಾನಿಸುವುದು ಎರಡು ಬಲಗಳ ಜಗ್ಗಾಟ. ಗಾಳಿ ಹನಿಯನ್ನು ಮುಂದಿನಿಂದ ಒತ್ತಿ ಚಪ್ಪಟೆ ಮಾಡಲು ನೋಡುತ್ತದೆ. ಮೇಲ್ಮೈ ಎಳೆತ ಅದನ್ನು ಮತ್ತೆ ಉಂಡೆ ಮಾಡಲು ನೋಡುತ್ತದೆ. ಈ ಎರಡರ ಅನುಪಾತವೇ ವೆಬರ್ ಸಂಖ್ಯೆ. ಗಾಳಿಯ ಸಾಂದ್ರತೆ, ವೇಗದ ವರ್ಗ, ಹನಿಯ ವ್ಯಾಸ, ಈ ಮೂರನ್ನೂ ಗುಣಿಸಿ ಮೇಲ್ಮೈ ಎಳೆತದಿಂದ ಭಾಗಿಸಿದರೆ ಸಿಗುತ್ತದೆ. ಇದು ಸುಮಾರು 11-12 ದಾಟಿದರೆ ಹನಿ ಒಡೆಯುತ್ತದೆ. ಗಮನಿಸಿ, ಇದರಲ್ಲಿ ಹನಿಯ ಸಾಂದ್ರತೆ ಎಲ್ಲೂ ಇಲ್ಲ. ಇರುವುದು ಗಾಳಿಯದ್ದು ಮಾತ್ರ.

ಈಗ ನಿಮ್ಮದೇ ಅಂಕಿಗಳನ್ನು ಹಾಕಿ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. 2 ಮಿ.ಮೀ. ಹನಿಗೆ ಸಾಮಾನ್ಯ ಗಾಳಿಯಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ 19 ಮೀಟರ್ ಬರುತ್ತದೆ. ನೀವು 20ರಲ್ಲಿ ಒಡೆದದ್ದು ನೋಡಿದಿರಿ, ಸರಿಯಾಗಿದೆ. ಗ್ಯಾಲಿನ್‌ಸ್ಟಾನ್‌ಗೆ ಈ ಎಳೆತ 0.5ರಿಂದ 0.7, ಅಂದರೆ ನೀರಿನ ಏಳರಿಂದ ಹತ್ತು ಪಟ್ಟು. ವೇಗ 50-60 ಮೀಟರ್ ಆಗದೆ ಅದು ಒಡೆಯುವಂತೆಯೇ ಇಲ್ಲ. ನಿಮ್ಮ 40 ಮೀಟರ್‌ಗೆ ಜಗ್ಗದೆ ಇದ್ದದ್ದು ಯಂತ್ರದ ತಪ್ಪಲ್ಲ, ಲೆಕ್ಕದ ಪ್ರಕಾರವೇ ನಡೆದಿದೆ. ಕರಗಿದ ಅಲ್ಯುಮಿನಿಯಂಗೆ ಸುಮಾರು 0.87, ಅದೇ ಗಾತ್ರಕ್ಕೆ 66 ಮೀಟರ್. ಕಬ್ಬಿಣಕ್ಕೆ ಸುಮಾರು 1.8, ಹೆಚ್ಚೂಕಡಿಮೆ 95 ಮೀಟರ್. ಅಲ್ಯುಮಿನಿಯಂ ಹಗುರ ಲೋಹ, ಆದರೂ ಗ್ಯಾಲಿನ್‌ಸ್ಟಾನ್‌ಗಿಂತ ಹಟಮಾರಿ ಅಲ್ವಾ? ತೂಕದ ವಾದ ಅಲ್ಲೇ ಬಿದ್ದುಹೋಗುತ್ತದೆ.

ತೂಕಕ್ಕೆ ಬೇರೆ ಕೆಲಸವಿದೆ. ಅದು ಗಡಿಯಾರ. ಹನಿಯ ವ್ಯಾಸವನ್ನು ವೇಗದಿಂದ ಭಾಗಿಸಿ, ಹನಿಗೂ ಗಾಳಿಗೂ ಇರುವ ಸಾಂದ್ರತೆಯ ಅನುಪಾತದ ವರ್ಗಮೂಲದಿಂದ ಗುಣಿಸಿ. ಅದು ಆ ಹನಿಯ ಸ್ವಂತ ಕಾಲಮಾನ. ಶುರುವಿನಿಂದ ಪೂರ್ತಿ ಚೂರಾಗುವವರೆಗೆ ಸಾಮಾನ್ಯವಾಗಿ ಇದರ ನಾಲ್ಕೈದು ಪಟ್ಟು ಬೇಕು. 100 ಮೀಟರ್ ಗಾಳಿಯಲ್ಲಿ 2 ಮಿ.ಮೀ. ನೀರಿನ ಹನಿಗೆ ಎರಡೂವರೆ ಮಿಲಿಸೆಕೆಂಡ್ ಸಾಕು, ಗ್ಯಾಲಿನ್‌ಸ್ಟಾನ್‌ಗೆ ಆರೇಳು ಮಿಲಿಸೆಕೆಂಡ್ ಬೇಕು. ನಿಮ್ಮ ಸೆಟಪ್‌ನಲ್ಲಿ ಇದು ತುಂಬಾ ಮುಖ್ಯ. ಹನಿ ಮೇಲಿನಿಂದ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ ಏಳು ಮಿಲಿಸೆಕೆಂಡಿನಲ್ಲಿ 10 ಮಿ.ಮೀ. ಇಳಿದುಬಿಡುತ್ತದೆ. ನಿಮ್ಮ ಜೆಟ್‌ನ ಎತ್ತರವೇ 10 ಮಿ.ಮೀ. ಇದ್ದರೆ ಹನಿ ಒಡೆದು ಮುಗಿಸುವ ಮೊದಲೇ ಗಾಳಿಯಿಂದ ಆಚೆ ಬಿದ್ದಿರುತ್ತದೆ, ಆಗ ನೀವು ನೋಡುವುದು ಅರ್ಧ ಒಡೆದ ಹನಿಯನ್ನು. ಜೆಟ್‌ನ ಅಂಚಿನಲ್ಲಿ ಗಾಳಿ ನಿಧಾನವಾಗಿರುತ್ತದೆ, ಅಲ್ಲೇ ಹನಿ ಸೊಟ್ಟಗಾಗಲು ಶುರುವಾಗುತ್ತದೆ ಅನ್ನುವುದೂ ಇದೆ. ಶಾಕ್ ಟ್ಯೂಬ್ (ಆಘಾತ ತರಂಗ ಹಾಯಿಸುವ ಕೊಳವೆ) ಬಳಸುವವರು ಅದನ್ನು ಬಳಸುವುದು ಇದಕ್ಕೇ, ಅದರಲ್ಲಿ ಗಾಳಿ ಒಂದೇ ಏಟಿಗೆ ಪೂರ್ತಿ ಹನಿಯ ಮೇಲೆ ಬರುತ್ತದೆ. ಟ್ಯೂಬ್ ಇಲ್ಲದಿದ್ದರೆ ಕನಿಷ್ಠ ಜೆಟ್ ಅಗಲವಾಗಿರಲಿ.

ಎರಡನೇ ಮಾತು, "ಕರಗಿದ ಲೋಹ ಮಂದ". ಇದೂ ಕಣ್ಣಿನ ಮೋಸ. ಕರಗಿದ ಅಲ್ಯುಮಿನಿಯಂನ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಒಡ್ಡುವ ತಡೆ, ಹೆಚ್ಚುಕಡಿಮೆ ನೀರಿನಷ್ಟೇ. ಗ್ಯಾಲಿನ್‌ಸ್ಟಾನ್‌ನದು ನೀರಿನ ಎರಡೂವರೆ ಪಟ್ಟು, ಕಬ್ಬಿಣದ್ದು ಐದಾರು ಪಟ್ಟು. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಆದರೆ ಒಡೆಯುವಾಗ ಲೆಕ್ಕಕ್ಕೆ ಬರುವುದು ಸ್ನಿಗ್ಧತೆ ಒಂದೇ ಅಲ್ಲ. ಅದನ್ನು ಸಾಂದ್ರತೆ, ಮೇಲ್ಮೈ ಎಳೆತ, ವ್ಯಾಸ ಇವುಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಬೇಕು. ಹಾಗೆ ಬರುವುದಕ್ಕೆ ಓನೆಸೋರ್ಗ್ ಸಂಖ್ಯೆ ಅಂತ ಹೆಸರು. ಅದು 0.1ರ ಹತ್ತಿರ ಬಂದರೆ ಮಾತ್ರ ಸ್ನಿಗ್ಧತೆಗೆ ತಲೆಕೆಡಿಸಿಕೊಳ್ಳಬೇಕು. ನಿಮ್ಮ ಗ್ಯಾಲಿನ್‌ಸ್ಟಾನ್ ಹನಿಗೆ ಅದು 0.001ರ ಆಸುಪಾಸು, ನೀರಿಗಿಂತಲೂ ಕಡಿಮೆ. 50 ಮೈಕ್ರಾನ್ ಕಬ್ಬಿಣದ ಹನಿಗೂ 0.007 ಅಷ್ಟೇ. ಅಂದರೆ ಶುದ್ಧವಾದ ಕರಗಿದ ಲೋಹ ತುಂಬಾ ಚುರುಕಾದ ದ್ರವ. 200 ಡಿಗ್ರಿ ಏರಿಸಿ ಸ್ನಿಗ್ಧತೆ ಇಳಿಸಿದರೂ ಹನಿ ಒಡೆಯುವ ರೀತಿಯಲ್ಲಿ ಬದಲಾವಣೆ ಕಾಣದೆ ಇದ್ದದ್ದು ಅದಕ್ಕೇ.

ಹಾಗಾದರೆ ಆಕಾರ ಯಾಕೆ ಕೆಟ್ಟಿತು? ಪೊರೆ. ಆಕ್ಸೈಡ್ ಪೊರೆ.

ಗ್ಯಾಲಿಯಂ ಇರುವ ಯಾವ ದ್ರವವನ್ನಾದರೂ ಗಾಳಿಗೆ ಒಡ್ಡಿದರೆ ಆ ಕ್ಷಣವೇ ಮೈಮೇಲೆ ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್. ಗ್ಯಾಸ್‌ನಲ್ಲಿ ಆಕ್ಸಿಜನ್ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ಸಾಕು. ಇಷ್ಟು ತೆಳ್ಳಗಿನದು ಏನು ಮಾಡೀತು ಅನ್ನಿಸಬಹುದು. ಆದರೆ ಈ ಪೊರೆ ಘನವಸ್ತು. ಒಂದು ಮಟ್ಟದವರೆಗೆ ಎಳೆದರೆ ತಡೆದು ನಿಲ್ಲುತ್ತದೆ, ದಾಟಿದರೆ ಹರಿಯುತ್ತದೆ. ಆ ಮಟ್ಟ ಮೀಟರಿಗೆ ಸುಮಾರು 0.5 ನ್ಯೂಟನ್. ಈಗ ಮೇಲೆ ಹೇಳಿದ ಮೇಲ್ಮೈ ಎಳೆತದ ಅಂಕಿ ನೋಡಿ, 0.5ರಿಂದ 0.7. ಎರಡೂ ಸಮಬಲ. ಚೂರನ್ನು ದುಂಡಗೆ ಮಾಡಬೇಕೆಂದು ಒಳಗಿನ ಲೋಹ ಎಳೆಯುತ್ತದೆ, ಅಷ್ಟೇ ಬಲದಿಂದ ಪೊರೆ ಬೇಡ ಅನ್ನುತ್ತದೆ. ಚೂರು ದೊಡ್ಡದಿರಲಿ ಸಣ್ಣದಿರಲಿ ಈ ಜಗ್ಗಾಟ ಹಾಗೇ ಉಳಿಯುತ್ತದೆ, ಯಾಕೆಂದರೆ ಗಾತ್ರ ಇಳಿದಂತೆ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ.

ಹಾಗಿದ್ದರೆ ಪೊರೆ ಮೊದಲು ಹನಿ ಒಡೆಯುವುದನ್ನೇ ತಡೆಯಬೇಕಿತ್ತಲ್ಲ ಅಂತ ನೀವು ಕೇಳಬಹುದು. ಗಾಳಿ ಹನಿಯನ್ನು ಜೋರಾಗಿ ಹಿಗ್ಗಿಸುವಾಗ ಹಳೆ ಪೊರೆ ಹರಿದು ಹೊಸ ಲೋಹ ಹೊರಬರುತ್ತಲೇ ಇರುತ್ತದೆ, ಗಾಳಿಯ ಬಲ ಮುಂದೆ ನಿಂತು ಕೆಲಸ ಮಾಡಿಸುತ್ತದೆ. ಒಡೆದ ಮೇಲೆ ಚೂರಿನ ಹಿಂದೆ ಆ ಬಲ ಇಲ್ಲ. ಅಲ್ಲಿಂದ ಮುಂದೆ ಚೂರು ತನ್ನಷ್ಟಕ್ಕೆ ತಾನು ದುಂಡಗಾಗಬೇಕು, ಅಲ್ಲೇ ಪೊರೆ ಗೆಲ್ಲುತ್ತದೆ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದವರು ಶಾಕ್ ಟ್ಯೂಬ್‌ನಲ್ಲಿ ಗ್ಯಾಲಿನ್‌ಸ್ಟಾನ್ ಹನಿಗಳನ್ನು ಒಡೆದಾಗಲೂ ಇದನ್ನೇ ಕಂಡರು. ಒಂದೇ ವೆಬರ್ ಸಂಖ್ಯೆಯಲ್ಲಿ ಒಡೆಯುವ ರೀತಿ ನೀರನ್ನೇ ಹೋಲುತ್ತದೆ, ಚೂರುಗಳು ಮಾತ್ರ ದುಂಡಗಿರುವುದಿಲ್ಲ. ನಿಮ್ಮ ಫೋಟೋಗಳಲ್ಲಿ ಇರುವುದೂ ಅದೇ.

"ದುಂಡಗಾಗಲು ಸಮಯ ಸಿಗಲಿಲ್ಲ, ಅಷ್ಟರಲ್ಲಿ ಹೆಪ್ಪುಗಟ್ಟಿತು" ಅನ್ನುವ ವಾದವೂ ಪುಡಿ ಮಾಡುವವರಲ್ಲಿ ಇದೆ. ಗ್ಯಾಲಿನ್‌ಸ್ಟಾನ್ ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ, ಕೋಣೆಯಲ್ಲಿ ಅದು ದ್ರವ. ಅಲ್ಯುಮಿನಿಯಂಗೆ ಲೆಕ್ಕ ಹಾಕಿ ನೋಡೋಣ. 50 ಮೈಕ್ರಾನ್‌ನ ಶುದ್ಧ ಅಲ್ಯುಮಿನಿಯಂ ಚೂರು ಮೇಲ್ಮೈ ಎಳೆತದಿಂದ ಉಂಡೆಯಾಗಲು 20 ಮೈಕ್ರೊಸೆಕೆಂಡ್‌ನಷ್ಟು ಸಾಕು. ಗ್ಯಾಸ್‌ನಲ್ಲಿ ಹಾರುವ ಅಂಥ ಹನಿ ತಣಿದು ಹೆಪ್ಪುಗಟ್ಟಲು ಮಿಲಿಸೆಕೆಂಡ್‌ಗಳು ಬೇಕು. ಅಂದರೆ ದುಂಡಗಾಗಲು ಬೇಕಾದದ್ದಕ್ಕಿಂತ ನೂರಾರು ಪಟ್ಟು ಸಮಯ ಅದಕ್ಕಿದೆ. ನೀರಿನಿಂದ ಚಿಮ್ಮಿಸಿ ಮಾಡುವ ಪುಡಿಯ ಕಥೆ ಬೇರೆ, ಅಲ್ಲಿ ನಿಜಕ್ಕೂ ಬೇಗ ಹೆಪ್ಪುಗಟ್ಟುತ್ತದೆ. ಗ್ಯಾಸ್‌ನಲ್ಲಿ ಮಾಡಿದ ಪುಡಿ ಸೊಟ್ಟಗಿದ್ದರೆ ನಾನು ಮೊದಲು ಅನುಮಾನಪಡುವುದು ಆಕ್ಸಿಜನ್ ಮೇಲೆ. ಲೋಹವನ್ನು ಇನ್ನೂ ಬಿಸಿ ಮಾಡಿದರೆ ಪೊರೆ ಕರಗುತ್ತದೆ ಅನ್ನುವ ಆಸೆಯೂ ಬೇಡ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದರ ಆಕ್ಸೈಡ್ 2,000 ಡಿಗ್ರಿ ದಾಟಿದ ಮೇಲೆ. ಬಿಸಿ ಏರಿಸಿದಷ್ಟೂ ಪೊರೆ ಬೇಗ ಬೆಳೆಯುತ್ತದೆ.

ನನಗೂ ಹೀಗೇ ಆಗಿತ್ತು. ಒಂದು ಲ್ಯಾಬ್‌ನಲ್ಲಿ ಎರಡು ವಾರ ನಾಜಲ್ ಬದಲಾಯಿಸಿದೆವು, ಒತ್ತಡ ಬದಲಾಯಿಸಿದೆವು, ಪುಡಿ ಮಾತ್ರ ಗೆಣಸಿನ ಆಕಾರ ಬಿಡಲಿಲ್ಲ. ಆರ್ಗಾನ್ ಸಿಲಿಂಡರ್ ಮೇಲೆ ಅತಿ ಶುದ್ಧ ಅಂತ ಬರೆದಿತ್ತು, ಅದನ್ನು ನೋಡಿ ನಂಬಿದ್ದೆವು. ಕೊನೆಗೆ ಚೇಂಬರ್‌ನಿಂದ ಹೊರಬರುವ ಗ್ಯಾಸ್‌ಗೆ ಮೀಟರ್ ಇಟ್ಟಾಗ ಗೊತ್ತಾಯಿತು, ಒಂದು ರಬ್ಬರ್ ಸೀಲ್ ಒಣಗಿ ಬಿರುಕು ಬಿಟ್ಟಿತ್ತು. ಗ್ಯಾಸ್ ಜೋರಾಗಿ ಹರಿಯುವಾಗ ಸುತ್ತಲಿನ ಗಾಳಿಯನ್ನು ಅದೇ ಒಳಗೆ ಎಳೆದುಕೊಳ್ಳುತ್ತಿತ್ತು. ಒತ್ತಡ ಜಾಸ್ತಿ ಮಾಡಿದಷ್ಟೂ ಸೋರಿಕೆಯೂ ಜಾಸ್ತಿ. ಸಿಲಿಂಡರ್‌ನ ಶುದ್ಧತೆ ಬೇರೆ, ಹನಿ ಹಾರುವ ಜಾಗದ ಶುದ್ಧತೆ ಬೇರೆ. ಅವತ್ತಿನಿಂದ ನಾನು ಆಕ್ಸಿಜನ್ ಅಳೆಯುವುದು ಹೊರಹೋಗುವ ಕಡೆಯಲ್ಲಿ, ಅದೂ ಗ್ಯಾಸ್ ಪೂರ್ತಿ ವೇಗದಲ್ಲಿ ಹರಿಯುತ್ತಿರುವಾಗ.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ಅಲ್ಯುಮಿನಿಯಂಗೆ ಮೊದಲ ದಾರಿ ಸೋರಿಕೆ ಹುಡುಕುವುದು, ಚೇಂಬರನ್ನು ನಿರ್ವಾತ ಮಾಡಿ ಆಮೇಲೆ ಆರ್ಗಾನ್ ತುಂಬುವುದು. ಇದರಲ್ಲಿ ಒಂದು ದೊಡ್ಡ ಅಪಾಯವಿದೆ, ದಯವಿಟ್ಟು ಗಮನ ಕೊಡಿ. ಆಕ್ಸಿಜನ್ ಇಲ್ಲದ ಕಡೆ ಹುಟ್ಟಿದ ಸಣ್ಣ ಅಲ್ಯುಮಿನಿಯಂ ಪುಡಿಯ ಮೈಮೇಲೆ ರಕ್ಷಣೆಯ ಪೊರೆ ಇರುವುದಿಲ್ಲ. ಬಾಗಿಲು ತೆಗೆದು ಒಮ್ಮೆಲೇ ಗಾಳಿ ಬಿಟ್ಟರೆ ಅದು ಬಿಸಿಯೇರಿ ಹೊತ್ತಿಕೊಳ್ಳಬಹುದು, ಧೂಳಾಗಿ ಎದ್ದಿದ್ದರೆ ಸ್ಫೋಟವೇ ಆಗಬಹುದು. ಹಾಗಾಗಿ ಪುಡಿ ತಣಿದ ಮೇಲೆ ಸ್ವಲ್ಪ ಸ್ವಲ್ಪವೇ ಆಕ್ಸಿಜನ್ ಬಿಟ್ಟು ತೆಳು ಪೊರೆ ಕಟ್ಟಿಸಬೇಕು. ದುಂಡಗಾಗುವವರೆಗೆ ಪೊರೆ ಬೇಡ, ದುಂಡಗಾದ ಮೇಲೆ ಬೇಕು. ಈ ಕೆಲಸವನ್ನು ಮಾಡಿ ಗೊತ್ತಿರುವವರು ಪಕ್ಕದಲ್ಲಿ ಇಲ್ಲದಿದ್ದರೆ ಶುರು ಮಾಡಬೇಡಿ. ಆರ್ಗಾನ್ ಕೂಡ ಗಾಳಿಗಿಂತ ಭಾರ, ಚೇಂಬರ್ ತಳದಲ್ಲಿ, ಗುಂಡಿಯಲ್ಲಿ ನಿಂತುಬಿಡುತ್ತದೆ. ವಾಸನೆ ಇಲ್ಲ, ಒಳಗೆ ತಲೆ ಹಾಕಿದವರಿಗೆ ಎಚ್ಚರಿಕೆಯೂ ಸಿಗುವುದಿಲ್ಲ.

ಗ್ಯಾಲಿನ್‌ಸ್ಟಾನ್ ಪ್ರಯೋಗವನ್ನು ಏನು ಮಾಡಬೇಕು? ಹನಿ ಯಾವ ವೇಗದಲ್ಲಿ ಒಡೆಯಲು ಶುರುವಾಗುತ್ತದೆ, ಯಾವ ರೀತಿ ಒಡೆಯುತ್ತದೆ ಅನ್ನುವುದಕ್ಕೆ ಅದನ್ನು ಧಾರಾಳವಾಗಿ ಬಳಸಿ. ಚೂರಿನ ಆಕಾರಕ್ಕೆ, ಗಾತ್ರದ ಹಂಚಿಕೆಗೆ ಗಾಳಿಯಲ್ಲಿ ಮಾಡಿದ ಗ್ಯಾಲಿನ್‌ಸ್ಟಾನ್ ಅಂಕಿಗಳನ್ನು ನಂಬಬೇಡಿ. ಹೈಡ್ರೊಕ್ಲೋರಿಕ್ ಆಮ್ಲದ ಆವಿ ಪೊರೆಯನ್ನು ತೆಗೆಯುತ್ತದೆ, ಕೆಲವರು ಹಾಗೆ ಮಾಡುತ್ತಾರೆ. ವೇಗದ ಗಾಳಿಯಲ್ಲಿ ಅದನ್ನು ಹಿಡಿತದಲ್ಲಿಡುವುದು ಕಷ್ಟ, ಉಸಿರಿಗೆ ಕೆಟ್ಟದ್ದು, ಕ್ಯಾಮೆರಾ ಲೆನ್ಸಿನಿಂದ ಹಿಡಿದು ಎಲ್ಲವನ್ನೂ ತಿನ್ನುತ್ತದೆ. ನಾನು ಒಪ್ಪುವುದಿಲ್ಲ. ಪಾದರಸಕ್ಕೆ ಈ ಪೊರೆಯ ಕಾಟ ಇಲ್ಲ, ಆದರೆ ಹನಿಯನ್ನು ಬೇಕಂತಲೇ ಸೂಕ್ಷ್ಮ ಚೂರು ಮಾಡುವ ಪ್ರಯೋಗಕ್ಕೆ ಪಾದರಸ ತರಬೇಡಿ, ಆ ಆವಿ ವಿಷ. ಒಡೆಯುವ ರೀತಿಯನ್ನು ಕಲಿಯಲು ನೀರೇ ಸಾಕು.

ಇನ್ನೊಂದು, ಕೇಳದೆ ಇದ್ದರೂ ಹೇಳುತ್ತೇನೆ. ಗ್ಯಾಲಿಯಂ ಅಲ್ಯುಮಿನಿಯಂನ ಒಳಕ್ಕೆ ಇಳಿದು, ಹರಳುಗಳ ನಡುವಿನ ಸಂದುಗಳಲ್ಲಿ ಸೇರಿ, ಗಟ್ಟಿ ತುಂಡನ್ನೂ ಕೈಯಲ್ಲಿ ಮುರಿಯುವಷ್ಟು ಬಲಹೀನ ಮಾಡುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಎರಡೂ ಇವೆ. ಗ್ಯಾಲಿನ್‌ಸ್ಟಾನ್ ಚೂರುಗಳು ಹಾರುವ ಜಾಗದಲ್ಲಿ ಅಲ್ಯುಮಿನಿಯಂ ಚೌಕಟ್ಟು, ಒತ್ತಡದ ಪೈಪು, ಕ್ಯಾಮೆರಾ ಸ್ಟ್ಯಾಂಡ್ ಏನೂ ಇರಬಾರದು.

ಒತ್ತಡ ಏರಿಸುವುದು ಆಕಾರಕ್ಕೆ ಮದ್ದಲ್ಲ, ಆದರೆ ಪುಡಿ ದಪ್ಪಗಿದೆ ಅನ್ನುವ ಸಮಸ್ಯೆಗೆ ಅದು ಸರಿಯಾದ ದಾರಿಯೇ. ಒಂದು ವೇಗದಲ್ಲಿ ಒಡೆಯದೆ ಉಳಿಯಬಲ್ಲ ಅತಿ ದೊಡ್ಡ ಹನಿಯನ್ನು ಮೇಲಿನ ಲೆಕ್ಕವನ್ನೇ ತಿರುಗಿಸಿ ತಿಳಿಯಬಹುದು. ಆರ್ಗಾನ್ ಹನಿಗಿಂತ 300 ಮೀಟರ್ ವೇಗದಲ್ಲಿ ಹರಿದರೆ ಅಲ್ಯುಮಿನಿಯಂಗೆ ಅದು ಸುಮಾರು 70 ಮೈಕ್ರಾನ್, ಕಬ್ಬಿಣಕ್ಕೆ ಸುಮಾರು 150. ವೇಗ ಎರಡು ಪಟ್ಟಾದರೆ ಗಾತ್ರ ಕಾಲು ಭಾಗಕ್ಕೆ ಇಳಿಯಬೇಕು. ಅಟೊಮೈಸರ್‌ನಲ್ಲಿ ಅಷ್ಟು ಸಲೀಸಾಗಿ ಇಳಿಯುವುದಿಲ್ಲ, ಯಾಕೆಂದರೆ ನಾಜಲ್ ಬಿಟ್ಟು ಮುಂದೆ ಹೋದಂತೆ ಗ್ಯಾಸ್ ಸುಸ್ತಾಗುತ್ತದೆ, ಹನಿಯೂ ಗ್ಯಾಸ್‌ನ ಜೊತೆಗೇ ಓಡಲು ಶುರುಮಾಡುತ್ತದೆ. ಮುಖ್ಯವಾದದ್ದು ಇಬ್ಬರ ನಡುವಿನ ವೇಗದ ವ್ಯತ್ಯಾಸ. ನಾಜಲ್ ತುದಿಯಲ್ಲೇ ಗ್ಯಾಸ್ ಲೋಹವನ್ನು ಮುಟ್ಟುವ ವಿನ್ಯಾಸದಲ್ಲಿ ಒತ್ತಡ ಹೆಚ್ಚು ಕಡಿಮೆ ಮಾಡುವಾಗ ತುದಿಯ ಒತ್ತಡ ತಿರುಗಿ ಗ್ಯಾಸ್ ಲೋಹದೊಳಕ್ಕೆ ಮೇಲೆ ನುಗ್ಗುವುದುಂಟು. ಮೊದಲು ಲೋಹವಿಲ್ಲದೆ ಬರೀ ಗ್ಯಾಸ್ ಬಿಟ್ಟು ತುದಿಯ ಒತ್ತಡ ಅಳೆದುಕೊಳ್ಳಿ. ಲೋಹದ ಧಾರೆಯನ್ನು ಸಣ್ಣ ಮಾಡಿದರೂ ಪುಡಿ ನಯವಾಗುತ್ತದೆ, ತೀರಾ ಸಣ್ಣದಾದರೆ ನಾಜಲ್‌ನಲ್ಲೇ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ.

ಇನ್ನು ಬಿಸಿ. ಕರಗುವ ಮಟ್ಟಕ್ಕಿಂತ 100-200 ಡಿಗ್ರಿ ಮೇಲೆ ಇಡುವುದು ನಾಜಲ್ ಮುಚ್ಚಿಕೊಳ್ಳದಿರಲಿ ಅಂತ. ಅದಕ್ಕಿಂತ ಜಾಸ್ತಿ ಸುಮ್ನೆ ಏರಿಸಬೇಡಿ. ಮಿಶ್ರಲೋಹದಲ್ಲಿ ಮೆಗ್ನೀಸಿಯಂ, ಸತು ಇದ್ದರೆ ಆವಿಯಾಗಿ ಹೋಗುತ್ತವೆ, ಲೋಹ ಕರಗಿಸುವ ಮೂಸೆ ಸವೆಯುತ್ತದೆ, ದೊಡ್ಡ ಹನಿಗಳು ಹೆಚ್ಚು ಹೊತ್ತು ಮೆತ್ತಗಿದ್ದು ಸಣ್ಣ ಕಣಗಳು ಅವಕ್ಕೆ ಬಂದು ಅಂಟಿಕೊಳ್ಳುತ್ತವೆ. ದುಂಡಗಿನ ಪುಡಿಯ ಮೈಮೇಲೆ ಸಣ್ಣ ಗುಳ್ಳೆಗಳಂತೆ ಕಾಣುವುದು ಅವೇ.

ಒಡೆಯುವ ರೀತಿಯ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ಅದು ಪುಡಿಯ ಒಳಗನ್ನೂ ತೀರ್ಮಾನಿಸುತ್ತದೆ. ವೆಬರ್ ಸಂಖ್ಯೆ 11ರಿಂದ ಸುಮಾರು 35ರವರೆಗೆ ಹನಿ ಮೊದಲು ತಟ್ಟೆಯಾಗಿ, ನಡುಭಾಗ ಗಾಳಿಗೆ ಉಬ್ಬಿ ಚೀಲವಾಗಿ, ಆಮೇಲೆ ಚೀಲ ಒಡೆಯುತ್ತದೆ. 80ರ ಆಚೆಗೆ ಅಂಚುಗಳಿಂದ ಹಾಳೆಯಂತೆ ಸುಲಿದು ಸುಲಿದು ಹೋಗುತ್ತದೆ. ನಡುವೆ ಎರಡೂ ಬೆರೆತ ರೂಪ. 350 ದಾಟಿದರೆ ಮಹಾಸ್ಫೋಟದಂತೆ ಒಡೆಯುತ್ತದೆ ಅಂತ ಹಳೆಯ ವರ್ಗೀಕರಣ ಹೇಳುತ್ತದೆ. ಈಗ ಅದನ್ನು ಅನೇಕರು ಒಪ್ಪುವುದಿಲ್ಲ, ಸುತ್ತ ಕವಿದ ಮಂಜಿನಂಥ ಚೂರುಗಳು ಕ್ಯಾಮೆರಾಕ್ಕೆ ಹಾಗೆ ತೋರಿಸುತ್ತವೆ, ಒಳಗೆ ನಡೆಯುವುದು ಸುಲಿಯುವ ಕೆಲಸವೇ ಅನ್ನುತ್ತಾರೆ. ಚೀಲದ ಹಂತದಲ್ಲಿ ಬಾಯಿ ಮುಚ್ಚಿಕೊಂಡುಬಿಟ್ಟರೆ ಒಳಗೆ ಆರ್ಗಾನ್ ಸಿಕ್ಕಿಕೊಳ್ಳುತ್ತದೆ. ಟೊಳ್ಳು ಪುಡಿ ಹುಟ್ಟುವ ದಾರಿ ಇದು. ಆರ್ಗಾನ್ ಲೋಹದಲ್ಲಿ ಕರಗುವುದಿಲ್ಲ, ಹಾಗಾಗಿ ಮುಂದೆ ಆ ಪುಡಿಯಿಂದ ಮಾಡಿದ ಭಾಗವನ್ನು ಬಿಸಿಯಲ್ಲಿ ಒತ್ತಿ ರಂಧ್ರ ಕುಗ್ಗಿಸಿದರೂ ಆಮೇಲೆ ಕಾಯಿಸಿದಾಗ ಅದು ಮತ್ತೆ ತೆರೆದುಕೊಳ್ಳಬಹುದು. ಪುಡಿಯನ್ನು ಅಂಟಿನಲ್ಲಿ ಕೂರಿಸಿ, ಉಜ್ಜಿ, ಅಡ್ಡಕೊಯ್ತ ನೋಡಿ. ಹೊರಗಿನಿಂದ ಇದು ಕಾಣುವುದಿಲ್ಲ.

ಕೊನೆಯದಾಗಿ ನಿಮ್ಮ ಕ್ಯಾಮೆರಾ. ಹಿಂದಿನಿಂದ ಬೆಳಕು ಬಿಟ್ಟು ನೆರಳು ಹಿಡಿಯುತ್ತಿದ್ದರೆ ನೀರಿನ ಚೀಲದ ಒಳಗೂ ಕಾಣುತ್ತದೆ, ಲೋಹದ ಚೀಲ ಮಾತ್ರ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಒಳಗೆ ಟೊಳ್ಳೋ ಗಟ್ಟಿಯೋ ಹೇಳಲಾಗದು. ಗಾಳಿಯ ದಿಕ್ಕಿಗೆ ಓರೆಯಾಗಿ ಎರಡನೇ ಕ್ಯಾಮೆರಾ ಇಟ್ಟರೆ ಅರ್ಧ ಗೊಂದಲ ಕಳೆಯುತ್ತದೆ. ಲೇಸರ್‌ನಿಂದ ಗಾತ್ರ ಅಳೆಯುವ ಯಂತ್ರ ಎಲ್ಲ ಕಣಗಳೂ ದುಂಡಗಿವೆ ಅಂದುಕೊಂಡೇ ಲೆಕ್ಕ ಕೊಡುತ್ತದೆ, ದಾರ ಮತ್ತು ಚಕ್ಕೆಗಳಿಗೆ ಅದು ಕೊಟ್ಟ ಅಂಕಿಯನ್ನು ವರದಿಗೆ ಹಾಕುವ ಮೊದಲು ಮೈಕ್ರೊಸ್ಕೋಪ್‌ನಲ್ಲಿ ಕೆಲವು ನೂರು ಕಣ ನೋಡಿಬಿಡಿ.

ನಾಳೆ ಬೆಳಿಗ್ಗೆ ಎಲ್ಲಿಂದ ಶುರು ಮಾಡಲಿ ಅಂದರೆ, ಅಟೊಮೈಸರ್‌ನ ನಾಜಲ್ ಮುಟ್ಟಬೇಡಿ, ಒತ್ತಡ ಈಗಿರುವಷ್ಟೇ ಇರಲಿ. ಲೋಹ ಹಾಕದೆ ಆರ್ಗಾನ್ ಪೂರ್ತಿ ಬಿಟ್ಟು ಹೊರಹೋಗುವ ಪೈಪ್‌ನಲ್ಲಿ ಆಕ್ಸಿಜನ್ ಅಳೆಯಿರಿ, ಆಮೇಲೆ ಹರಿವು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ. ಹರಿವಿನ ಜೊತೆ ಆ ಅಂಕಿ ಏರುತ್ತಿದ್ದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ. ಆ ಎರಡು ಅಂಕಿ, ಜೊತೆಗೆ ನಿಮ್ಮ ಜೆಟ್‌ನ ಎತ್ತರ, ಇವನ್ನು ಕಳಿಸಿ. ಮುಂದಿನದನ್ನು ಅಲ್ಲಿಂದ ನೋಡೋಣ.